ಮೊದಲ ಸಂಬಳ ಕೈಗೆ ಬರಲು 39 ದಿನ: ರಾತ್ರಿ ಆಶ್ರಯ ಕೇಂದ್ರದ ಒಂದು ಪ್ರಕರಣ

ನಮ್ಮ ಕೇಂದ್ರದಲ್ಲಿ ಪ್ರತಿಯೊಬ್ಬರ ಹೆಸರಿಗೂ ಒಂದು ಫಾರಂ ಇರುತ್ತದೆ. ಅದರ ಕೊನೆಯ ಪುಟದಲ್ಲಿ ಒಂದು ಸಾಲು: 'ಉದ್ಯೋಗ ದೊರಕಿದೆಯೇ? ಹೌದು / ಇಲ್ಲ'. ನಾನು ಇಲ್ಲಿ ಬರೆಯುತ್ತಿರುವವರ ಫಾರಂನಲ್ಲಿ 'ಹೌದು' ಅನ್ನುವುದಕ್ಕೆ ಎರಡು ಸಲ ಟಿಕ್ ಬಿದ್ದಿದೆ. ಮೊದಲನೆಯದು 2023ರ ಜೂನ್‌ನಲ್ಲಿ, ಎರಡನೆಯದು ಸೆಪ್ಟೆಂಬರ್‌ನಲ್ಲಿ. ಮೊದಲ 'ಹೌದು' ಬಾಳಿದ್ದು 23 ದಿನ. ಆದರೂ ವರ್ಷದ ವರದಿಯಲ್ಲಿ ಅದು ಒಂದು ಉದ್ಯೋಗ ಅಂತಲೇ ಲೆಕ್ಕಕ್ಕೆ ಹೋಯಿತು. ಎರಡೂ ಟಿಕ್ ಹಾಕಿದವಳು ನಾನೇ.

ಅವರ ಹೆಸರು ಇಲ್ಲಿ ಬೇಡ. ಕೇಂದ್ರದಲ್ಲಿ ಎಲ್ಲರೂ ಕರೆಯುತ್ತಿದ್ದುದು ಯಾದಗಿರಿ ಅಣ್ಣ ಅಂತ. ವಯಸ್ಸು 45ರ ಆಸುಪಾಸು, ಓದಿದ್ದು ನಾಲ್ಕನೇ ಕ್ಲಾಸು. ಬೆಂಗಳೂರಿಗೆ ಬಂದು ಹತ್ತು ವರ್ಷದ ಮೇಲಾಗಿತ್ತು. ಬಂದಾಗಿನಿಂದ ಕಟ್ಟಡದ ಕೆಲಸ. ಸೆಂಟ್ರಿಂಗ್ ಗೊತ್ತು, ಪೈಪು ಕೂರಿಸುವುದು ಗೊತ್ತು, ಗಾರೆ ಕೆಲಸವೂ ಅಷ್ಟಿಷ್ಟು ಗೊತ್ತು. 2021ರಲ್ಲಿ ಸಾರುವೆಯಿಂದ ಜಾರಿ ಬಿದ್ದು ಬಲಗಡೆ ಭುಜ ಹೋಯಿತು. ಮೇಸ್ತ್ರಿ ಒಂದು ವಾರ ಊಟ ಕೊಟ್ಟ. ಆಮೇಲೆ ಶೆಡ್ ಖಾಲಿ ಮಾಡು ಅಂದ.

ಇದನ್ನು ಓದುಗರು ಸ್ವಲ್ಪ ಗಮನಿಸಬೇಕು. ಕಟ್ಟಡದ ಕೆಲಸಗಾರರಿಗೆ ಕೆಲಸದ ಜಾಗವೇ ಮನೆ. ತಗಡಿನ ಶೆಡ್ಡು ಕೂಲಿಯ ಜೊತೆಗೇ ಬರುತ್ತದೆ, ಕೂಲಿಯ ಜೊತೆಗೇ ಹೋಗುತ್ತದೆ. ಕೆಲಸ ಕಳಕೊಂಡ ದಿನವೇ ಸೂರೂ ಹೋಗುತ್ತದೆ. ನಾವು ಆಫೀಸಿನಲ್ಲಿ ಕೂತು 'ವಸತಿರಹಿತ' ಅಂತ ಬರೆಯುವಾಗ ಏನೋ ದೊಡ್ಡ ಕಥೆ ಇರಬೇಕು ಅಂದುಕೊಳ್ಳುತ್ತೇವೆ. ಇವರ ಕಥೆ ಇಷ್ಟೇ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು, ತಾವು ಮಾರ್ಕೆಟ್ ಕಡೆ ಬಂದರು. ರಾತ್ರಿ ಎರಡು ಗಂಟೆಗೆ ತರಕಾರಿ ಲಾರಿ ಬಂದಾಗ ಎಡಭುಜದ ಮೇಲೆ ಮೂಟೆ ಹೊರುವುದು, ಹಗಲು ಅಂಗಡಿ ಕಟ್ಟೆಯ ಮೇಲೆ ಮಲಗುವುದು. ಹಾಗೆ ಮಲಗಿದ್ದಾಗಲೇ ಒಂದು ದಿನ ಬ್ಯಾಗು ಹೋಯಿತು. ಅದರಲ್ಲಿ ಫೋನು, ಆಧಾರ್ ಕಾರ್ಡು, ಊರಿನವರ ನಂಬರ್ ಬರೆದುಕೊಂಡಿದ್ದ ಒಂದು ಚೀಟಿ ಇದ್ದವು.

2022ರ ಅಕ್ಟೋಬರ್ ಮಳೆಯಲ್ಲಿ ನಮ್ಮಲ್ಲಿಗೆ ಬಂದರು. ಅವರಾಗಿ ಬಂದದ್ದಲ್ಲ. ರಾತ್ರಿ ಸುತ್ತು ಹೋಗಿದ್ದ ನಮ್ಮ ಹುಡುಗರು ಕರೆದುಕೊಂಡು ಬಂದರು. ಬರುವುದಕ್ಕೂ ತುಂಬಾ ಹಿಂದೇಟು ಹಾಕಿದರಂತೆ. ಹಿಡಿದು ಭಿಕ್ಷುಕರ ಕಾಲೊನಿಗೆ, ಅಂದರೆ ಭಿಕ್ಷುಕರನ್ನು ಇಡುವ ಸರ್ಕಾರಿ ಕೇಂದ್ರಕ್ಕೆ, ಹಾಕುತ್ತಾರೆ ಅನ್ನುವ ಭಯ. ಮಾರ್ಕೆಟ್‌ನಲ್ಲಿ ಮಲಗುವ ಪ್ರತಿಯೊಬ್ಬರಿಗೂ ಈ ಭಯ ಇದೆ, ಅದು ಸುಮ್ಮನೆ ಹುಟ್ಟಿದ ಭಯ ಅಲ್ಲ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ನಮ್ಮಲ್ಲಿ ಇನ್ನೂ ಜೀವಂತವಾಗಿದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ 3% ಭಿಕ್ಷುಕರ ಸೆಸ್ ಅಂತ ಹೋಗುವುದೂ ಅದೇ ಕಾಯ್ದೆಯ ಪ್ರಕಾರ. 2010ರ ಆಗಸ್ಟ್‌ನಲ್ಲಿ ಮಾಗಡಿ ರಸ್ತೆಯ ಆ ಕೇಂದ್ರದಲ್ಲಿ ಸಾಲು ಸಾವುಗಳಾಗಿ ರಾಜ್ಯವೇ ಬೆಚ್ಚಿಬಿದ್ದಿತ್ತು. ಆ ಸುದ್ದಿ ಪೇಪರ್ ಓದುವವರಿಗೆ ಮರೆತಿರಬಹುದು, ಕಟ್ಟೆಯ ಮೇಲೆ ಮಲಗುವವರಿಗೆ ಮರೆತಿಲ್ಲ.

ಮೊದಲು ಕಾಗದ

ಕೆಲಸ ಕೊಡಿಸಬೇಕೆಂದರೆ ಮೊದಲು ಆಧಾರ್ ಬೇಕು. ಇದರಲ್ಲಿ ನಾವು ಒಂದು ದಡ್ಡತನ ಮಾಡಿದೆವು. ಕಾರ್ಡ್ ಕಳೆದಿದೆ, ನಂಬರ್ ನೆನಪಿಲ್ಲ ಅಂದಾಗ ಹೊಸದಾಗಿಯೇ ನೋಂದಣಿ ಮಾಡಿಸಿಬಿಟ್ಟೆವು. ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಪತ್ರ ಕೊಟ್ಟರೆ ಅದನ್ನು ದಾಖಲೆಯಾಗಿ ಒಪ್ಪುತ್ತಾರೆ. ಅದು ನಮಗೆ ಗೊತ್ತಿತ್ತು, ಗೊತ್ತಿದೆ ಅನ್ನುವ ಹೆಮ್ಮೆಯೂ ಇತ್ತು. ಕೆಲವು ವಾರಗಳ ನಂತರ ಅರ್ಜಿ ತಿರಸ್ಕೃತವಾಗಿ ಬಂತು. ಈ ವ್ಯಕ್ತಿಗೆ ಈಗಾಗಲೇ ಆಧಾರ್ ಇದೆ ಅಂತ ಕಾರಣ.

ಇದ್ದೇ ಇತ್ತಲ್ಲ! ಊರಿನ ಶಾಲೆಯಲ್ಲಿ ಯಾವಾಗಲೋ ಬೆರಳಚ್ಚು ಕೊಟ್ಟಿದ್ದರು. ಒಬ್ಬರಿಗೆ ಒಂದೇ ನಂಬರ್. ಎರಡನೇ ಸಲ ಹೋದರೆ ಯಂತ್ರ ಹಿಡಿದುಬಿಡುತ್ತದೆ. ನಾವು ಮಾಡಬೇಕಾಗಿದ್ದದ್ದು ಹಳೆಯ ನಂಬರ್ ಹುಡುಕಿಸುವುದು. ಆಧಾರ್ ಕೇಂದ್ರಕ್ಕೆ ಹೋದರೆ ಬೆರಳಚ್ಚು ಸಿಗಲಿಲ್ಲ. ಹತ್ತು ವರ್ಷ ಸಿಮೆಂಟು ಕಲಸಿದ ಕೈ, ರೇಖೆಗಳೇ ಸವೆದಿದ್ದವು. ಕೊನೆಗೆ ಕಣ್ಣಿನ ಸ್ಕ್ಯಾನ್ ಹೊಂದಿತು. ಇಷ್ಟಾಗುವಾಗ 2023ರ ಜನವರಿ ಮುಗಿಯುತ್ತಾ ಬಂದಿತ್ತು. ನಮ್ಮ ತಪ್ಪಿನಿಂದ ಅವರ ಎರಡು ತಿಂಗಳು ಹಾಳಾಯಿತು. ಈಗ ಯಾರೇ ಬಂದರೂ ಮೊದಲು ಕೇಳುವುದು ಇದನ್ನೇ: "ಯಾವತ್ತಾದ್ರೂ ಎಲ್ಲಾದ್ರೂ ಬೆರಳು ಒತ್ತಿದ್ರಾ?"

ಒಂಬತ್ತು ದಿನದ ತರಬೇತಿ

ಫೆಬ್ರವರಿಯಲ್ಲಿ ಒಂದು ಕೌಶಲ್ಯ ತರಬೇತಿ ಕೇಂದ್ರಕ್ಕೆ ಸೇರಿಸಿದೆವು. ಪ್ಲಂಬಿಂಗ್, ಮೂರು ತಿಂಗಳು, ಬೆಳಿಗ್ಗೆ 10ರಿಂದ ಸಂಜೆ 5. ಫೀಸು ಇಲ್ಲ, ಕೊನೆಯಲ್ಲಿ ಸರ್ಟಿಫಿಕೇಟ್. ಬಡವರಿಗೆ ಉಚಿತ ತರಬೇತಿ ಕೊಟ್ಟರೆ ಸಾಕು, ಕೆಲಸ ತಾನಾಗಿ ಬರುತ್ತದೆ ಅನ್ನುವ ಲೆಕ್ಕದಲ್ಲಿ ಇಂಥ ಕೋರ್ಸುಗಳು ನಡೆಯುತ್ತವೆ. ಆದರೆ ಕೋರ್ಸು ಉಚಿತ ಆದರೂ ಹೊಟ್ಟೆಗೆ ಖರ್ಚು ಇದ್ದೇ ಇದೆಯಲ್ವಾ?

ಮೂಟೆ ಹೊರುವುದನ್ನು ಅವರು ಬಿಡುವ ಹಾಗಿರಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಮಾರ್ಕೆಟ್‌ಗೆ ಹೋಗುವುದು, ಏಳಕ್ಕೆ ವಾಪಸ್ ಬಂದು ಸ್ನಾನ, ಹತ್ತಕ್ಕೆ ಕ್ಲಾಸು. ಕ್ಲಾಸಿನಲ್ಲಿ ಪರದೆಯ ಮೇಲೆ ಪೈಪಿನ ಚಿತ್ರ ತೋರಿಸುತ್ತಿದ್ದರಂತೆ. ಇವರು ಅದೇ ಪೈಪುಗಳನ್ನು ಹತ್ತು ಮಹಡಿಗೆ ಹೊತ್ತು ಕೂರಿಸಿದವರು. ನಿದ್ದೆ ಬಾರದೆ ಇರುತ್ತದೆಯೇ? ಒಂಬತ್ತನೇ ದಿನ ಮೇಷ್ಟ್ರು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿದರು. ಹತ್ತನೇ ದಿನ ಇವರು ಹೋಗಲಿಲ್ಲ. ರಿಜಿಸ್ಟರ್‌ನಲ್ಲಿ 'ಡ್ರಾಪ್‌ಔಟ್' ಅಂತ ಬಿತ್ತು.

ನಾನು ಸಿಟ್ಟು ಮಾಡಿಕೊಂಡೆ. ಅವರು ಸಮಾಧಾನವಾಗಿಯೇ ಹೇಳಿದರು: "ಅಕ್ಕಾರ, ನಂಗ ಪೈಪ್ ಕೂರ್ಸೂದು ಬರ್ತದರಿ. ಭುಜ ಮ್ಯಾಲ ಏಳಂಗಿಲ್ಲ. ಅದನ್ನ ಯಾವ ಕ್ಲಾಸಿನ್ಯಾಗ ಕಲಸ್ತಾರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹೊಸ ವಿದ್ಯೆ ಅಲ್ಲ, ಭುಜ ಎತ್ತದೆ ಮಾಡಬಹುದಾದ ಕೆಲಸ. ಇದನ್ನು ಮೊದಲ ದಿನವೇ ಕೇಳಬಹುದಿತ್ತು. ಫಾರಂನಲ್ಲಿ 'ಯಾವ ತರಬೇತಿ ಬೇಕು' ಅನ್ನುವ ಸಾಲು ಇದೆ, 'ಯಾವ ಕೆಲಸ ಮಾಡಲು ಆಗುವುದಿಲ್ಲ' ಅನ್ನುವ ಸಾಲು ಇರಲಿಲ್ಲ.

ಮೊದಲ 'ಹೌದು'

ಭುಜ ಎತ್ತದೆ ಮಾಡುವ ಕೆಲಸ ಅಂದರೆ ಎಲ್ಲರಿಗೂ ತಟ್ಟನೆ ಹೊಳೆಯುವುದು ಸೆಕ್ಯುರಿಟಿ. ಜೂನ್‌ನಲ್ಲಿ ಒಂದು ಏಜೆನ್ಸಿ ತೆಗೆದುಕೊಂಡಿತು. ಖಾಸಗಿ ಭದ್ರತಾ ಏಜೆನ್ಸಿಗಳಿಗೆ 2005ರಲ್ಲೇ ಕಾಯ್ದೆ ಆಗಿದೆ. ಗಾರ್ಡಿನ ಪೂರ್ವಾಪರ ವಿಚಾರಿಸಿಯೇ ಕೆಲಸಕ್ಕೆ ತೆಗೆದುಕೊಳ್ಳಬೇಕು, ತರಬೇತಿ ಕೊಡಬೇಕು. ಪೊಲೀಸ್ ವೆರಿಫಿಕೇಶನ್‌ಗೆ ಸ್ಥಳೀಯ ವಿಳಾಸ ಬೇಕು. ಆಧಾರ್‌ನಲ್ಲಿ ಇರುವುದು ಊರಿನ ವಿಳಾಸ. ನಮ್ಮ ಕೇಂದ್ರದ ಪತ್ರ ತೋರಿಸಿದರೆ "ಇದು ವಿಳಾಸ ಅಲ್ಲಮ್ಮ, ಇವತ್ತು ಇರ್ತಾರೆ ನಾಳೆ ಹೋಗ್ತಾರೆ" ಅಂದರು. ಏಜೆನ್ಸಿಯವನು "ಆಮೇಲೆ ನೋಡ್ಕೊಳೋಣ ಬಿಡಿ" ಅಂತ ಹಾಗೆಯೇ ಡ್ಯೂಟಿಗೆ ಹಾಕಿದ. ಅದು ತಪ್ಪು. ನಾವೂ ಸುಮ್ಮನಿದ್ದೆವು, ಅದೂ ತಪ್ಪೇ. ಟಿಕ್ ಹಾಕುವ ಆತುರ ಇತ್ತು.

ಡ್ಯೂಟಿ ರಾತ್ರಿ 8ರಿಂದ ಬೆಳಿಗ್ಗೆ 8. ಈಗ ಯೋಚನೆ ಮಾಡಿ. ನಮ್ಮದು ಹೆಸರಿನಲ್ಲೇ ರಾತ್ರಿ ಆಶ್ರಯ ಕೇಂದ್ರ. ಬೆಳಿಗ್ಗೆ 9ಕ್ಕೆ ಹಾಸಿಗೆ ಸುತ್ತಿಡಬೇಕು, ನೆಲ ಒರೆಸಬೇಕು, ಎಲ್ಲರೂ ಹೊರಗೆ ಹೋಗಬೇಕು. ಹಾಗೆ ಇರಬೇಕಾಗಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಲ್ಲಿ ಆಶ್ರಯ ಕೇಂದ್ರ 24 ಗಂಟೆಯೂ ತೆರೆದಿರಬೇಕು, ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಇರಬೇಕು ಅಂತಿತ್ತು. ಅದಕ್ಕೂ ಮುಂಚೆ ಸುಪ್ರೀಂ ಕೋರ್ಟು ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ ಬೇಕು ಅಂದಿತ್ತು. 2011ರ ಜನಗಣತಿಯಲ್ಲಿ ದೇಶದಲ್ಲಿ 17 ಲಕ್ಷಕ್ಕೂ ಜಾಸ್ತಿ ಜನ ಮನೆಯಿಲ್ಲದವರು, ಕರ್ನಾಟಕದಲ್ಲಿ ಸುಮಾರು 76 ಸಾವಿರ. ಕಾಗದದಲ್ಲಿ ಎಲ್ಲವೂ ಸರಿಯಾಗಿದೆ. ನಮ್ಮ ಕಟ್ಟಡದಲ್ಲಿ ಮಾತ್ರ ಹಗಲು ಹೊತ್ತು ನೋಡಿಕೊಳ್ಳಲು ಸಿಬ್ಬಂದಿ ಇರಲಿಲ್ಲ, ಹಾಗಾಗಿ ಬೀಗ.

ರಾತ್ರಿಯಿಡೀ ಎಚ್ಚರ ಇದ್ದು ಬಂದವರಿಗೆ ಹಗಲು ಮಲಗಲು ಜಾಗ ಇಲ್ಲ. ಮೊದಲ ವಾರ ಪಾರ್ಕಿನ ಬೆಂಚು, ಅಲ್ಲಿ ಆಗ ಮಧ್ಯಾಹ್ನ ಗೇಟು ಹಾಕುತ್ತಿದ್ದರು. ಆಮೇಲೆ ಬಸ್ ನಿಲ್ದಾಣ. ಇಪ್ಪತ್ತಮೂರನೇ ರಾತ್ರಿ ಸೂಪರ್‌ವೈಸರ್ ರೌಂಡ್ಸ್‌ಗೆ ಬಂದಾಗ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಫೋಟೋ ತೆಗೆದು ಬೆಳಿಗ್ಗೆಯೇ ಕಳಿಸಿದರು. 23 ದಿನದ ಸಂಬಳ ಕೇಳಿದರೆ ಯೂನಿಫಾರಂ, ದಂಡ ಅಂತ ಲೆಕ್ಕ ತೋರಿಸಿ ಏನೂ ಉಳಿಯಲಿಲ್ಲ ಅಂದರು. ನಾವು ಮೂರು ಸಲ ಅಲೆದು ಬಿಟ್ಟುಬಿಟ್ಟೆವು. ಬಿಡಬಾರದಿತ್ತು.

ಅವರು ಮತ್ತೆ ಮೂಟೆಗೆ ಹೋದರು. ನಮ್ಮಲ್ಲಿ ಕೆಲವರು "ಇವರಿಗೆ ಕೆಲಸ ಮಾಡೋ ಮನಸ್ಸಿಲ್ಲ" ಅಂದರು. ರಾತ್ರಿ ಎರಡು ಗಂಟೆಗೆ ಎದ್ದು ಒಂದೇ ಭುಜದಲ್ಲಿ ಮೂಟೆ ಹೊರುವ ಮನುಷ್ಯನ ಬಗ್ಗೆ ಹೇಳಿದ ಮಾತು ಇದು.

ಬಟವಾಡೆ ಯಾವಾಗ?

ಆಗಸ್ಟ್‌ನಲ್ಲಿ ಒಂದು ಪಿಜಿಯ ಅಡುಗೆಮನೆಯಲ್ಲಿ ಕೆಲಸ ಬಂತು. ಊಟ ಅಲ್ಲೇ, ಮಲಗುವುದೂ ಅಲ್ಲೇ, ಮೇಲೆ ಸಂಬಳ. ನನಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅನ್ನಿಸಿತು. ಅವರು ಒಲ್ಲೆ ಅಂದರು. ನನಗೆ ಮತ್ತೆ ಸಿಟ್ಟು.

"ಅಲ್ಲೇ ಮಲಗೂದು ಬ್ಯಾಡ್ರಿ ಅಕ್ಕಾರ. ಕೆಲಸ ಹೋದ್ರ ಮಲಗೋ ಜಾಗಾನೂ ಹೋಗ್ತದ. ಒಮ್ಮೆ ಹೋಗ್ಯಾದ."

ಹತ್ತು ತಿಂಗಳಲ್ಲಿ ನಾನು ಕಲಿಯದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. ಕೆಲಸ ಒಂದು ಕಡೆ, ಹಾಸಿಗೆ ಇನ್ನೊಂದು ಕಡೆ ಇರಬೇಕು. ಆಮೇಲೆ ನಾವು ಹುಡುಕಿದ್ದು ಹಗಲು ಪಾಳಿ, ಭುಜಕ್ಕೆ ಭಾರ ಇಲ್ಲದ್ದು, ಅಲ್ಲೇ ವಾಸ ಇರಬೇಕಾಗಿಲ್ಲದ್ದು. ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಸಿಕ್ಕಿತು. ಕಾಮನ್ ಏರಿಯಾ ಗುಡಿಸುವುದು, ಒರೆಸುವುದು, ಕಸ ಬೇರೆ ಮಾಡುವುದು. ಕೈಗೆ ₹11,800 ಬರುತ್ತದೆ ಅಂದರು.

ಏಜೆನ್ಸಿಯವರು ಎಲ್ಲ ಹೇಳಿ ಮುಗಿಸಿದ ಮೇಲೆ ಇವರು ಕೇಳಿದ್ದು ಒಂದೇ ಪ್ರಶ್ನೆ: "ಬಟವಾಡೆ ಯಾವಾಗರಿ?"

ಸೈಟಿನಲ್ಲಿ ವಾರಕ್ಕೊಮ್ಮೆ ಬಟವಾಡೆ. ಮಾರ್ಕೆಟ್‌ನಲ್ಲಿ ಮೂಟೆ ಇಳಿಸಿದ ತಕ್ಷಣ ಕೈಗೆ ಕಾಸು. ಇಲ್ಲಿ ತಿಂಗಳು ಮುಗಿದು, ಹಾಜರಿ ಲೆಕ್ಕ ಹಾಕಿ, ಮುಂದಿನ ತಿಂಗಳ 10ಕ್ಕೆ. ಸೆಪ್ಟೆಂಬರ್ 4ಕ್ಕೆ ಸೇರಿದವರಿಗೆ ಮೊದಲ ಸಂಬಳ ಅಕ್ಟೋಬರ್ 10ಕ್ಕೆ. ಆಗಿನ ಕಾನೂನು 7ನೇ ತಾರೀಖಿನ ಒಳಗೆ ಅನ್ನುತ್ತಿತ್ತು, ದೊಡ್ಡ ಸಂಸ್ಥೆಗಳಿಗಾದರೆ 10. ಆದರೆ ಕಾನೂನು ಸರಿಯಾಗಿ ಪಾಲನೆಯಾದರೂ ಒಂದು ತಿಂಗಳ ಮೇಲೆ ಬರಿಗೈ. ನಮ್ಮ ನಿಮ್ಮಂಥವರು ಹೊಸ ಕೆಲಸಕ್ಕೆ ಸೇರಿದಾಗ ಆ ತಿಂಗಳನ್ನು ಅಪ್ಪನ ದುಡ್ಡಿನಲ್ಲೋ ಕ್ರೆಡಿಟ್ ಕಾರ್ಡಿನಲ್ಲೋ ದಾಟಿಬಿಡುತ್ತೇವೆ, ದಾಟಿದ್ದೇ ಗೊತ್ತಾಗುವುದಿಲ್ಲ. ದಿನಗೂಲಿಯಿಂದ ತಿಂಗಳ ಸಂಬಳಕ್ಕೆ ಹೋಗುವವರಿಗೆ ಅದೊಂದು ಹೊಳೆ. ಬಹಳ ಜನ ನಡುವಿನಲ್ಲೇ ವಾಪಸ್ ಬರುತ್ತಾರೆ. ನಾವು ಅದನ್ನು 'ಕೆಲಸದಲ್ಲಿ ನಿಲ್ಲುವುದಿಲ್ಲ' ಅಂತ ಬರೆಯುತ್ತೇವೆ.

ಏಜೆನ್ಸಿಯನ್ನು ವಾರದ ಅಡ್ವಾನ್ಸ್ ಕೇಳಿದೆವು, ಆಗುವುದಿಲ್ಲ ಅಂದರು. ಹಾಗಾದರೆ ನಾವೇ ಕೊಡೋಣ ಅಂತ ಕೇಂದ್ರಕ್ಕೆ ಬಂದಿದ್ದ ಸಣ್ಣ ದಾನದ ಹಣದಲ್ಲಿ ಒಂದು ಪುಸ್ತಕ ಶುರು ಮಾಡಿದೆವು. ದಾನ ಅಂತ ಕೊಟ್ಟರೆ ಬೇಡ ಅಂದರು, ಸಾಲ ಅಂತ ಬರೆಯಿರಿ ಅಂದರು. ಆ ಪುಟ ಹೀಗಿದೆ. ಎರಡು ತಿಂಗಳ ಬಸ್ ಪಾಸು ₹2,100. ಕಪ್ಪು ಶೂ ₹450. ಹಳೆಯ ಕೀಪ್ಯಾಡ್ ಫೋನು ₹700, ರೀಚಾರ್ಜು ₹358. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ 5, ಊಟ 10, ಅಂತೂ 34 ದಿನಕ್ಕೆ ₹510. ರಾತ್ರಿ ಊಟ ನಮ್ಮಲ್ಲೇ. ಸೋಪು, ಬ್ಲೇಡು, ಎರಡು ಬನಿಯನ್ನು ₹252. ಒಟ್ಟು ₹4,370.

ಹೊಟ್ಟೆಗಿಂತ ಬಸ್ಸಿಗೆ ನಾಲ್ಕು ಪಟ್ಟು ಜಾಸ್ತಿ! ಮೊದಲ ದಿನ ಜಾಗ ತೋರಿಸಲು ನಾನೂ ಜೊತೆಗೆ ಹೋಗಿದ್ದೆ. ಶಕ್ತಿ ಯೋಜನೆ ಬಂದು ಮೂರು ತಿಂಗಳಾಗಿತ್ತು. ಸಂಬಳ ಇರುವ ನನಗೆ ಫ್ರೀ ಟಿಕೆಟ್, ಸಂಬಳ ಇನ್ನೂ ಬಾರದ ಅವರಿಗೆ ₹1,050ರ ಪಾಸು. ಯೋಜನೆಯನ್ನು ದೂರುತ್ತಿಲ್ಲ, ನಮ್ಮ ಕೇಂದ್ರದ ಹೆಣ್ಣುಮಕ್ಕಳಿಗೆ ಅದರಿಂದ ಆಗಿರುವ ಅನುಕೂಲ ಕಣ್ಣಾರೆ ಕಂಡಿದ್ದೇನೆ. ಆದರೂ ಆ ದಿನ ಅವರ ಪಕ್ಕ ನಿಂತು ಪಿಂಕ್ ಟಿಕೆಟ್ ಹಿಡಿದಾಗ ಒಂಥರಾ ಆಯಿತು.

ಇಪ್ಪತ್ತನೇ ದಿನದ ರಾತ್ರಿ ಅವರು ಕೇಂದ್ರಕ್ಕೆ ಬರಲಿಲ್ಲ. ಮರುದಿನ ಮಧ್ಯಾಹ್ನ ಬಂದರು, ಬಾಯಿ ವಾಸನೆ ಹೊಡೆಯುತ್ತಿತ್ತು. ಎರಡು ದಿನ ಗೈರು. ಕುಡಿದು ಬಂದರೆ ಒಳಗೆ ಬಿಡಬಾರದು ಅನ್ನುವುದು ನಮ್ಮ ನಿಯಮ. ಆ ನಿಯಮ ಬೇಕು ಅಂತ ಈಗಲೂ ಹೇಳುತ್ತೇನೆ, ಪಕ್ಕದ ಹಾಸಿಗೆಯಲ್ಲಿ ಮಲಗುವ ಅಜ್ಜನಿಗೂ ನೆಮ್ಮದಿ ಬೇಕಲ್ಲ. ಅವತ್ತು ಗೇಟಿನ ಪಕ್ಕದ ಸ್ಟೋರ್ ರೂಮಿನಲ್ಲಿ ಚಾಪೆ ಹಾಕಿಕೊಟ್ಟೆವು. ನಿಯಮ ಮುರಿದೆವೋ ಬಗ್ಗಿಸಿದೆವೋ ಗೊತ್ತಿಲ್ಲ. ಸಂಜೆ ಮೇಲೆ ಕಾರಣ ಹೇಳಿದರು. ಹೊಸ ಫೋನಿನಿಂದ ಎರಡು ವರ್ಷದ ನಂತರ ಊರಿಗೆ ಮಾತಾಡಿದ್ದರು, ಊರಿನ ಅಂಗಡಿಯವರೊಬ್ಬರ ನಂಬರ್ ಹೇಗೋ ಸಿಕ್ಕಿತ್ತು. ಕೆಲಸ ಸಿಕ್ಕಿದೆ ಅಂದಾಗ ಮಗಳು ಕೇಳಿದಳಂತೆ: "ಪಗಾರ ಆತೇನಪಾ?" ಆಗಿರಲಿಲ್ಲ.

ನಾನು ಸೂಪರ್‌ವೈಸರ್‌ಗೆ ಫೋನ್ ಮಾಡಿ ಜ್ವರ ಅಂದೆ. ಸುಳ್ಳು ಹೇಳಿದ್ದಕ್ಕೆ ಬೇಸರ ಇಲ್ಲ. ಮೊದಲ ಕೆಲಸದ ಹೊತ್ತಿಗೆ ಇಂಥ ಒಂದು ಫೋನು ಹೋಗಿದ್ದರೆ ಏನಾಗುತ್ತಿತ್ತೋ ಅಂತ ಅನ್ನಿಸುತ್ತದೆ. ಕೆಲಸ ಕೊಡಿಸುವವರ ಮುಖ್ಯ ಕೆಲಸ ಸೇರಿಸುವ ದಿನದ್ದಲ್ಲ, ಈ ಇಪ್ಪತ್ತನೇ ದಿನದ್ದು. ಆದರೆ ಅದಕ್ಕೆ ಫಾರಂನಲ್ಲಿ ಸಾಲಿಲ್ಲ.

ಅಕ್ಟೋಬರ್ 10ಕ್ಕೆ ಸಂಬಳ ಬಂತು. ಅಂದರೆ ಖಾತೆಗೆ ಬಂತು. ಎಟಿಎಂ ಕಾರ್ಡು ಆಧಾರ್ ವಿಳಾಸಕ್ಕೆ, ಅಂದರೆ ಯಾದಗಿರಿಯ ಹಳ್ಳಿಗೆ ಅಂಚೆಯಲ್ಲಿ ಹೋಗಿತ್ತು. ಬ್ಯಾಂಕಿಗೇ ಹೋಗಿ ತೆಗೆಯಬೇಕು, ಬ್ಯಾಂಕಿನ ಹೊತ್ತಿನಲ್ಲಿ ಡ್ಯೂಟಿ. 13ಕ್ಕೆ ಅರ್ಧ ದಿನ ರಜೆ ಕೇಳಿ ಹೋದೆವು. ಯೂನಿಫಾರಂ ಹಣ, ಗೈರಿನ ದಿನಗಳು, ಸೇರುವ ಮುಂಚಿನ ದಿನಗಳು ಎಲ್ಲ ಕಳೆದು ₹9,640. ಸ್ಲಿಪ್‌ನಲ್ಲಿ ಪಿಎಫ್, ಇಎಸ್‌ಐ ಅಂತ ಇದ್ದದ್ದನ್ನು ತೋರಿಸಿ ಇದು ಯಾರು ತಿಂದದ್ದು ಅಂತ ಕೇಳಿದರು. ಇಎಸ್‌ಐ ಅಂದರೆ ಕಾರ್ಮಿಕರ ವಿಮೆ, ಅದರ ಆಸ್ಪತ್ರೆಯಲ್ಲಿ ಭುಜ ತೋರಿಸಬಹುದು ಅಂದೆ. ನಂಬಲಿಲ್ಲ. ಡಿಸೆಂಬರ್‌ನಲ್ಲಿ ಹೋಗಿ ತೋರಿಸಿಕೊಂಡು ಬಂದರು. ಎರಡು ವರ್ಷ ಹಳೆಯ ಪೆಟ್ಟು, ಪೂರ್ತಿ ಸರಿಹೋಗುವುದಿಲ್ಲ ಅಂದರಂತೆ. ವ್ಯಾಯಾಮ ಹೇಳಿಕೊಟ್ಟಿದ್ದಾರೆ.

ಆಮೇಲೆ

2024ರ ಫೆಬ್ರವರಿಯವರೆಗೂ ನಮ್ಮಲ್ಲೇ ಇದ್ದರು. ಸಂಬಳ ಬರುವವರು ಇನ್ನೂ ಯಾಕೆ ಇಲ್ಲಿ ಅಂತ ಮೇಲಿನವರು ಕೇಳಿದರು. ಬೆಂಗಳೂರಿನಲ್ಲಿ ಬಾಡಿಗೆಗಿಂತ ಅಡ್ವಾನ್ಸ್ ದೊಡ್ಡದು ಅಂತ ವಿವರಿಸಬೇಕಾಯಿತು, ಬೆಂಗಳೂರಿನವರಿಗೇ. ಐದು ತಿಂಗಳು ಕೂಡಿಟ್ಟು, ಜೊತೆಗೆ ಕೆಲಸ ಮಾಡುವ ಇಬ್ಬರ ಜೊತೆ ಸೇರಿ ಒಂದು ಶೀಟಿನ ಮನೆ ಹಿಡಿದರು. ಅವರ ಪಾಲಿಗೆ ಅಡ್ವಾನ್ಸ್ ₹10,000, ಬಾಡಿಗೆ ₹2,500. ಕೆಲಸದ ಜಾಗದಿಂದ ಎರಡು ಬಸ್ ದೂರ. ಹತ್ತಿರದಲ್ಲಿ ಹುಡುಕಬಹುದಿತ್ತಲ್ಲ ಅಂದರೆ "ಇರಲಿ ಬಿಡ್ರಿ, ದೂರನೇ ಇರಲಿ" ಅಂದರು.

ಆ ವರ್ಷದ ಕೊನೆಗೆ ಅಪಾರ್ಟ್‌ಮೆಂಟಿನವರು ಏಜೆನ್ಸಿ ಬದಲಿಸಿದರು. ಅದೇ ಕಸ, ಅದೇ ಪೊರಕೆ, ಅದೇ ಜನ. ಆದರೆ ಹೊಸ ಏಜೆನ್ಸಿ, ಹೊಸ ಯೂನಿಫಾರಂ, ಮತ್ತೆ ಮೊದಲ ಸಂಬಳಕ್ಕೆ ಒಂದೂ ಕಾಲು ತಿಂಗಳು. ಈ ಸಲ ಅವರು ನಮ್ಮ ಹತ್ತಿರ ಬರಲಿಲ್ಲ. ಫೋನ್ ಮಾಡಿದ್ದು ಪುಸ್ತಕದ ಬಾಕಿಯ ವಿಷಯಕ್ಕೆ. ₹4,370ರಲ್ಲಿ ₹3,100 ಅದಾಗಲೇ ತೀರಿಸಿದ್ದರು.

"ಉಳಿದಿದ್ದು ಹೊಸಾ ಏಜೆನ್ಸಿದು ಪಗಾರ ಆದ ಮ್ಯಾಲ ಕೊಡ್ತೀನ್ರಿ ಅಕ್ಕಾರ. ತಡೀತೀರೇನು?"

ತಡೆಯುತ್ತೇನೆ ಅಂದೆ. ಯಾವಾಗ ಬಟವಾಡೆ ಅಂತ ಈ ಸಲ ನಾನೇ ಕೇಳಿದೆ.

"ಹನ್ನೆರಡಕ್ಕಂತ. ಬರ್ಕೊಂಡ್ ಇಟ್ಟೀನಿ."